ಮೂಡಿಗೆರೆಯ ಬಿಸಿಲು, ಕಡೂರಿನ ಬಿಸಿಲು

"ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ನಾಲ್ಕು ಯೂನಿಟ್ ಬರುತ್ತೆ ಸಾರ್, ಕಣ್ಣು ಮುಚ್ಕೊಂಡು ಹಾಕಿಸಿ." ಸೋಲಾರ್ ಮಾರಲು ಬಂದ ಎಲ್ಲರ ಬಾಯಲ್ಲೂ ಇದೇ ಮಾತು. ಕಡೂರಿನಲ್ಲಿ ಅಕ್ಕನ ಮನೆಗೆ ಬಂದವರೂ ಇದನ್ನೇ ಹೇಳಿದರು. ಮೂಡಿಗೆರೆ ಹತ್ತಿರ ನಮ್ಮ ತೋಟಕ್ಕೆ ಬಂದವರೂ ಇದನ್ನೇ ಹೇಳಿದರು. ಎರಡೂ ಚಿಕ್ಕಮಗಳೂರು ಜಿಲ್ಲೆಯ ಊರುಗಳೇ, ನಡುವೆ ಸುಮಾರು 70 ಕಿಲೋಮೀಟರ್. ಆದರೆ ಕಡೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು. ನಮ್ಮಲ್ಲಿ ಸಾಮಾನ್ಯವಾಗಿ 2,000 ಮಿ.ಮೀ. ದಾಟುತ್ತದೆ. ಇಂಥ ಎರಡು ಊರಿಗೆ ಒಂದೇ ಲೆಕ್ಕ ಹೇಗೆ ಹೊಂದುತ್ತದೆ ಅಂತ ನನಗೆ ಆಗಲೇ ಅನುಮಾನ ಇತ್ತು.

2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂತಲ್ಲ, 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ. ಅದನ್ನು ನೋಡಿಯೇ ಅಕ್ಕನೂ ನಾನೂ ಹೊರಟಿದ್ದು. ಗೃಹಜ್ಯೋತಿ ಇರುವಾಗ ಸೋಲಾರ್ ಯಾಕೆ ಅಂತ ಕೇಳುವವರಿದ್ದಾರೆ. ಅದು 200 ಯೂನಿಟ್ ಒಳಗಿದ್ದವರಿಗೆ. ನಮ್ಮ ಮನೆಯಲ್ಲಿ ಬಾವಿ ಮೋಟಾರು, ಗೀಸರು, ಎರಡು ಫ್ರಿಜ್ ಎಲ್ಲಾ ಸೇರಿ ಪ್ರತಿ ತಿಂಗಳೂ 200 ದಾಟುತ್ತದೆ. ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅಕ್ಕನ ಮನೆಯಲ್ಲಿ ಎಸಿ ಇದೆ, ಕಡೂರಿನ ಬೇಸಿಗೆಗೆ ಅದಿಲ್ಲದೆ ಆಗುವುದೂ ಇಲ್ಲ.

ದುಡ್ಡು ಹಾಕುವ ಮೊದಲು ಇಂಟರ್‌ನೆಟ್‌ನಲ್ಲಿ ಸಿಗುವ ಬಿಸಿಲಿನ ಲೆಕ್ಕ ನೋಡಲು ಕೂತೆ. ಆ ನಾಲ್ಕು ಯೂನಿಟ್ ಸುಳ್ಳಲ್ಲ. ಬಯಲುಸೀಮೆಯಲ್ಲಿ ಇಡೀ ವರ್ಷದ ಸರಾಸರಿ ತೆಗೆದರೆ ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ. ತೊಂದರೆ ಇರುವುದು ಆ ಸರಾಸರಿಯನ್ನು ಎಲ್ಲಿ ನಿಂತು ತೆಗೆದರು ಅನ್ನುವುದರಲ್ಲಿ. ನಾಸಾದವರ ಪವರ್ ಅನ್ನುವ ಜಾಲತಾಣದಲ್ಲಿ ಬಿಸಿಲಿನ ಅಂಕಿಅಂಶ ಪುಕ್ಕಟೆ ಸಿಗುತ್ತದೆ. ಆದರೆ ಅದರ ಒಂದೊಂದು ಚೌಕವೂ ನೂರು ಕಿಲೋಮೀಟರ್‌ಗಿಂತ ದೊಡ್ಡದು. ಶೃಂಗೇರಿಯ ಮಳೆಕಾಡೂ ಬಾಬಾಬುಡನ್‌ಗಿರಿ ಆಚೆಯ ಒಣ ಊರೂ ಒಂದೇ ಚೌಕದೊಳಗೆ ಕಲಸಿಹೋಗುತ್ತವೆ. ನಮ್ಮಂಥ ಜಿಲ್ಲೆಗೆ ಅದು ಪ್ರಯೋಜನ ಇಲ್ಲ. ವಿಶ್ವಬ್ಯಾಂಕಿನ ಗ್ಲೋಬಲ್ ಸೋಲಾರ್ ಅಟ್ಲಾಸ್, ಯುರೋಪಿನವರ ಪಿವಿಜಿಐಎಸ್, ಇವೆರಡರಲ್ಲಿ ಇನ್ನೂ ಹತ್ತಿರದ ಲೆಕ್ಕ ಸಿಗುತ್ತದೆ. ಪಿವಿಜಿಐಎಸ್ ಸುತ್ತಲಿನ ಗುಡ್ಡ ಎಷ್ಟು ಬಿಸಿಲು ತಡೆಯುತ್ತದೆ ಅಂತಲೂ ಲೆಕ್ಕ ಹಿಡಿಯುತ್ತದೆ. ನಮ್ಮ ತೋಟದ ಮೇಲೆ ಬೆರಳಿಟ್ಟು ತಿಂಗಳವಾರು ಪಟ್ಟಿ ತೆಗೆದೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಡೂರಿಗೂ ನಮಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಜುಲೈ ಗೆರೆ ಮಾತ್ರ ನೆಲ ಕಚ್ಚಿತ್ತು. ಈ ಪಟ್ಟಿಯನ್ನು ಮಾರಲು ಬಂದವರ ಮುಂದೆ ಇಟ್ಟರೆ, "ಅದೆಲ್ಲಾ ಫಾರಿನ್‌ನವರ ಲೆಕ್ಕ ಸಾರ್" ಅಂದರು. ಇರಲಿ ಬಿಡಿ.

ಜಾಗ ಹುಡುಕುವುದೇ ನಮಗೆ ದೊಡ್ಡ ಕೆಲಸವಾಯಿತು. ಅಕ್ಕನದು ಆರ್‌ಸಿಸಿ ಮನೆ. ತಾರಸಿ ಮೇಲೆ ಯಾವ ಮೂಲೆಗೆ ಬೇಕಾದರೂ ಇಡಬಹುದು. ನಮ್ಮದು ಹೆಂಚಿನ ಮನೆ, ಮೇಲೆ ಹಲಸಿನ ಮರದ ನೆರಳು. ಸರ್ವೆಗೆ ಬಂದ ಹುಡುಗ ಮೊಬೈಲಿನ ದಿಕ್ಸೂಚಿ ಹಿಡಿದು ತೋಟವೆಲ್ಲಾ ಸುತ್ತಿದ. ಕೊನೆಗೆ ಎಲ್ಲರೂ ಬಂದು ನಿಂತಿದ್ದು ಕಾಫಿ ಕಣದಲ್ಲಿ. ತೋಟದಲ್ಲಿ ಬಿಸಿಲು ಎಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ ಅಂತ ಕಣ ಮಾಡಿಸಿದ ಅಜ್ಜನ ಕಾಲದವರಿಗೆ ಚೆನ್ನಾಗಿ ಗೊತ್ತಿತ್ತು ಅಲ್ವಾ. ಆದರೆ ಕಣದ ಮಧ್ಯೆ ಕಂಬ ನೆಟ್ಟರೆ ಕಾಫಿ ಒಣಗಿಸುವುದೆಲ್ಲಿ? ಅದಕ್ಕೆ ಕಣದ ಉತ್ತರದ ಅಂಚು ಆರಿಸಿದೆವು. ಕಾಫಿ ಒಣಗಿಸುವ ಡಿಸೆಂಬರ್‌ನಿಂದ ಫೆಬ್ರವರಿ ತನಕ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೆರಳು ಉತ್ತರಕ್ಕೆ ಬೀಳುತ್ತದೆ. ಅಂದರೆ ಪ್ಯಾನಲ್‌ನ ನೆರಳು ಕಣದ ಆಚೆಗೆ ಹೋಗುತ್ತದೆ, ಕಾಫಿ ಮೇಲೆ ಬೀಳುವುದಿಲ್ಲ.

ಇಲ್ಲಿ ನಮ್ಮ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಒಂದು ಮಾತು ಹೇಳಿದರು. ಸರ್ವೆ ನಡೆದಿದ್ದು ಮೇ ತಿಂಗಳಲ್ಲಿ. ನಮ್ಮದು 13 ಡಿಗ್ರಿ ಅಕ್ಷಾಂಶ. ಏಪ್ರಿಲ್ ಕೊನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲಿರುತ್ತಾನೆ. ಮೇ ಹೊತ್ತಿಗೆ ಇನ್ನೂ ಸ್ವಲ್ಪ ಉತ್ತರಕ್ಕೇ ಸರಿದಿರುತ್ತಾನೆ. ದಕ್ಷಿಣದ ಕಡೆ ಸಾಲಾಗಿ ನಿಂತ ಸಿಲ್ವರ್ ಓಕ್‌ಗಳ ನೆರಳು ಆಗ ಮರದ ಬುಡ ಬಿಟ್ಟು ಕದಲುವುದಿಲ್ಲ. ಡಿಸೆಂಬರ್‌ನಲ್ಲಿ ಮಧ್ಯಾಹ್ನಕ್ಕೂ ಸೂರ್ಯ ನೆತ್ತಿಯಿಂದ 36 ಡಿಗ್ರಿಯಷ್ಟು ದಕ್ಷಿಣಕ್ಕೆ ಇಳಿದಿರುತ್ತಾನೆ. "ಆಗ ಈ ಮರಗಳ ನೆರಳು ಇಲ್ಲೀತನಕ ಬರುತ್ತೆ ನೋಡಿ" ಅಂತ ರೈಟರ್ ಕಾಲಲ್ಲಿ ಗೆರೆ ಎಳೆದು ತೋರಿಸಿದರು. ವರ್ಷ ವರ್ಷ ಆ ನೆರಳು ನೋಡಿಕೊಂಡೇ ಕಾಫಿ ಎಳೆದು ಹರಡಿಸಿದವರು. ಕಂಬಗಳನ್ನು ಪೂರ್ವದ ಕಡೆಗೆ ಸರಿಸಿದೆವು. ಆದರೂ ಡಿಸೆಂಬರ್, ಜನವರಿಯಲ್ಲಿ ಮೂರು ಗಂಟೆ ಮೇಲೆ ಎರಡು ಮರದ ನೆರಳು ತಪ್ಪಿಸಲು ಆಗಲಿಲ್ಲ. ಪ್ಯಾನಲ್‌ಗಳು ಒಂದೇ ವೈರಿನಲ್ಲಿ ಒಂದರ ಹಿಂದೆ ಒಂದು ಕೂಡಿಕೊಂಡಿರುವುದರಿಂದ ಒಂದರ ಮೇಲೆ ನೆರಳು ಬಿದ್ದರೆ ಸಾಲಿಗೇ ಪೆಟ್ಟು. ಬೈಪಾಸ್ ಡಯೋಡ್ ಅಂತ ಇರುತ್ತದೆ, ಅದು ನೆರಳು ಬಿದ್ದ ಭಾಗವನ್ನು ಬದಿಗಿಟ್ಟು ಉಳಿದದ್ದನ್ನು ಕಾಯುತ್ತದೆ. ಆದರೂ ಪೂರ್ತಿ ನಷ್ಟ ತಪ್ಪುವುದಿಲ್ಲ.

ಉಳಿದ ಕೆಲಸ ಎಲ್ಲರ ಮನೆಯಲ್ಲೂ ಆಗುವಂಥದ್ದೇ. ಅರ್ಜಿ, ಮೆಸ್ಕಾಂ ಒಪ್ಪಿಗೆ, ಕಂಬ, ವೈರಿಂಗ್, ನಾವು ತೆಗೆದುಕೊಂಡದ್ದನ್ನೂ ಲೈನಿಗೆ ಕೊಟ್ಟದ್ದನ್ನೂ ಅಳೆಯುವ, ಎರಡು ಕಡೆ ಓಡುವ ಮೀಟರು, ಆಮೇಲೆ ಸಬ್ಸಿಡಿ. ಅಕ್ಕನ ಮನೆಗೂ ನಮಗೂ ಒಂದೇ ಥರದ ಸಾಮಾನು ಹಾಕಿಸಿದೆವು. 540 ವ್ಯಾಟ್‌ನ ಆರು ಪ್ಯಾನಲ್, ಪ್ಯಾನಲ್ ಕರೆಂಟನ್ನು ಮನೆಯ ಎಸಿ ಕರೆಂಟಾಗಿ ಬದಲಿಸುವ 3 ಕಿಲೋವ್ಯಾಟ್ ಇನ್ವರ್ಟರ್, ದಕ್ಷಿಣಕ್ಕೆ ಮುಖ, 12 ಡಿಗ್ರಿ ಇಳಿಜಾರು. ಮಳೆಗಾಲ ಮುಗಿಯುವ ಹೊತ್ತಿಗೆ ಎರಡೂ ಕಡೆ ಶುರುವಾಯಿತು. ಯಾವ ಹೊತ್ತಿನಲ್ಲಿ ಎಷ್ಟು ಕರೆಂಟ್ ಬರುತ್ತಿದೆ ಅಂತ ಗೆರೆ ಎಳೆದು ತೋರಿಸುವ ಆ್ಯಪ್ ಇರುತ್ತದೆ, ಎರಡರದ್ದೂ ನನ್ನ ಫೋನಿನಲ್ಲೇ ಇತ್ತು. ದಿನಾ ಸಂಜೆ ಅಕ್ಕನಿಗೆ ಫೋನ್ ಮಾಡಿ ಇವತ್ತು ಯಾರು ಗೆದ್ದಿದ್ದು ಅಂತ ಹೇಳುವುದು ಒಂದು ಚಟವಾಯಿತು.

ಚಳಿಗಾಲದಲ್ಲಿ ಕಡೂರೇ ಮುಂದೆ ಇರುತ್ತದೆ ಅಂದುಕೊಂಡಿದ್ದೆವು. ನಮ್ಮಲ್ಲಿ ಡಿಸೆಂಬರ್ ಬೆಳಗ್ಗೆ ಅಂದರೆ ಮಂಜು. ಒಂಬತ್ತು ಗಂಟೆ ತನಕ ಕಣದ ಆ ತುದಿ ಕಾಣುವುದಿಲ್ಲ. ಕಡೂರಿನ ಇನ್ವರ್ಟರ್ ಒಂದೂವರೆ ಯೂನಿಟ್ ದುಡಿದು ಕೂತಿರುವಾಗ ನಮ್ಮದು ಇನ್ನೂ ಕಣ್ಣುಜ್ಜುತ್ತಿರುತ್ತದೆ. ಆದರೆ ಮಂಜು ಎದ್ದ ಮೇಲೆ ನಮ್ಮ ಗೆರೆ ಮೇಲೆ ಏರಿದ್ದು ನೋಡಿ ನನಗೇ ಆಶ್ಚರ್ಯ. ಜನವರಿ ಮಧ್ಯಾಹ್ನ 2.6, 2.7 ಕಿಲೋವ್ಯಾಟ್ ಮುಟ್ಟುತ್ತಿತ್ತು. ಅಕ್ಕನ ಮನೆಯದು ಏಪ್ರಿಲ್ ಉರಿಬಿಸಿಲಿನಲ್ಲೂ 2.5 ದಾಟಲಿಲ್ಲ.

ಕಾರಣ ಪ್ಯಾನಲ್‌ನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲೇ ಇತ್ತು. 540 ವ್ಯಾಟ್ ಅಂತ ಬರೆದಿರುವುದು ಲ್ಯಾಬಿನಲ್ಲಿ ಅಳೆದದ್ದು. ಒಂದು ಚದರ ಮೀಟರ್‌ಗೆ 1,000 ವ್ಯಾಟ್ ಬೆಳಕು, ಸೆಲ್‌ನ ಬಿಸಿ 25 ಡಿಗ್ರಿ ಸೆಲ್ಸಿಯಸ್. ಅಲ್ಲಿಂದ ಮೇಲೆ ಒಂದೊಂದು ಡಿಗ್ರಿಗೂ ಶೇ. 0.35ರಷ್ಟು ಕಮ್ಮಿಯಾಗುತ್ತದೆ. ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಆ ಥರದ್ದೇ ಆದರೆ ಜಾಸ್ತಿ ಬಿಸಿ ಅಳೆಯುವ ಥರ್ಮಾಮೀಟರ್ ಗನ್ ಕಾಫಿ ಡ್ರೈಯರ್ ಇಟ್ಟುಕೊಂಡ ಸ್ನೇಹಿತನ ಹತ್ತಿರ ಇತ್ತು. ಏಪ್ರಿಲ್‌ನಲ್ಲಿ ಕಡೂರಿಗೆ ಹೋದಾಗ ಅದನ್ನು ತೆಗೆದುಕೊಂಡು ಹೋದೆ. ಹೊರಗೆ 37 ಡಿಗ್ರಿ. ತಾರಸಿಯಲ್ಲಿ ಚಪ್ಪಲಿ ಬಿಟ್ಟು ನಿಲ್ಲಲು ಆಗುತ್ತಿರಲಿಲ್ಲ. ಪ್ಯಾನಲ್ ಕೆಳಗೆ ಬಗ್ಗಿ ಬೆನ್ನಿಗೆ ಹಿಡಿದರೆ 63 ತೋರಿಸಿತು. 25ರಿಂದ 63ಕ್ಕೆ 38 ಡಿಗ್ರಿ, ಅಂದರೆ ಶೇ. 13ರಷ್ಟು ಬಿಸಿಗೇ ಹೋಯಿತು. ನಮ್ಮ ಕಣದಲ್ಲಿ ಜನವರಿ ಮಧ್ಯಾಹ್ನ ಅದೇ ಗನ್ ಹಿಡಿದಾಗ ತೋರಿಸಿದ್ದು 42. ತಣ್ಣನೆ ಗಾಳಿ ಬೀಸುತ್ತಿತ್ತು, ಪ್ಯಾನಲ್ ಕೆಳಗೆ ಧಾರಾಳ ಜಾಗ ಇತ್ತು. ನಷ್ಟ ಶೇ. 6 ಅಷ್ಟೇ. ಸೋಲಾರ್‌ಗೆ ಬೇಕಾಗಿರುವುದು ಬೆಳಕು, ಸೆಖೆ ಅಲ್ಲ. ಇದನ್ನು ನಮ್ಮ ಕಡೆ ಹತ್ತು ಜನಕ್ಕೆ ಹೇಳಿದರೆ ಒಂಬತ್ತು ಜನ ನಂಬುವುದಿಲ್ಲ.

ಕಡೂರಿನ ಇನ್ನೊಂದು ಶತ್ರು ಧೂಳು. ಫೆಬ್ರವರಿಯಿಂದ ಮಳೆ ಬರುವ ತನಕ ಪ್ಯಾನಲ್ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಅಕ್ಕ ಮೊದಮೊದಲು ಬೋರ್‌ವೆಲ್ ನೀರಿನಲ್ಲಿ ಪೈಪ್ ಹಿಡಿದು ತೊಳೆಸುತ್ತಿದ್ದಳು. ಗಡಸು ನೀರು, ಒಣಗಿದ ಮೇಲೆ ಗಾಜಿನ ಮೇಲೆ ಬಿಳಿ ಕಲೆ ಉಳಿಯಿತು. ಈಗ ತೊಟ್ಟಿಯಲ್ಲಿ ಹಿಡಿದಿಟ್ಟ ಮಳೆನೀರಿನಲ್ಲಿ, ಮೆತ್ತನೆ ಬಟ್ಟೆಯಲ್ಲಿ, ಬಿಸಿಲು ಏರುವ ಮೊದಲೇ ಒರೆಸುತ್ತಾರೆ. ಕಾದ ಗಾಜಿಗೆ ಮಧ್ಯಾಹ್ನ ತಣ್ಣೀರು ಸುರಿಯಬಾರದು. ಒರೆಸಿದ ದಿನ ಹಿಂದಿನ ದಿನಕ್ಕಿಂತ ಒಂದು ಯೂನಿಟ್ ಜಾಸ್ತಿ ಬಂದಿದ್ದನ್ನು ನಾನೇ ನೋಡಿದ್ದೇನೆ. ನಮ್ಮಲ್ಲಿ ಧೂಳಿಲ್ಲ, ಪಾಚಿ ಇದೆ. ಪ್ಯಾನಲ್‌ನ ಕೆಳಗಿನ ಚೌಕಟ್ಟಿನ ಅಂಚಿನಲ್ಲಿ ನೀರು ನಿಂತು, ಎಲೆ ಕೊಳೆತು, ಒಂದು ಬೆರಳಗಲ ಹಸಿರು ಪಟ್ಟಿ ಕಟ್ಟುತ್ತದೆ. ನೋಡಲು ಸಣ್ಣದು. ಆದರೆ ಕೆಳಗಿನ ಸಾಲಿನ ಸೆಲ್‌ಗಳನ್ನೇ ಮುಚ್ಚುವುದರಿಂದ ಮರದ ನೆರಳಿನಷ್ಟೇ ಕಾಟ.

ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಆದ ಮೇಲೆ ನಮ್ಮ ಗೆರೆಯ ಆಕಾರವೇ ಬದಲಾಯಿತು. ಬೆಳಗ್ಗೆ ಜೋರು, ಎರಡು ಗಂಟೆಗೆ ಮೋಡ, ನಾಲ್ಕು ಗಂಟೆಗೆ ಗುಡುಗು. ಆ ಸಿಡಿಲಿನ ಕಾಲದಲ್ಲಿ ಡಿಸಿ ಪೆಟ್ಟಿಗೆಯೊಳಗಿನ, ಸಿಡಿಲಿನ ಹೊಡೆತ ತಾನು ತೆಗೆದುಕೊಳ್ಳುವ ಸರ್ಜ್ ಪ್ರೊಟೆಕ್ಟರ್‌ನ ಹಸಿರು ಕಿಟಕಿ ಒಂದು ರಾತ್ರಿ ಕೆಂಪಾಗಿತ್ತು. ಅದು ಸತ್ತು ಇನ್ವರ್ಟರ್ ಉಳಿಸಿತು. ಮಲೆನಾಡಿನಲ್ಲಿ ಅರ್ಥಿಂಗ್‌ಗೆ ದುಡ್ಡು ಉಳಿಸಲು ಹೋಗಬೇಡಿ ಅಂತ ಯಾರು ಕೇಳಿದರೂ ಹೇಳುತ್ತೇನೆ.

2025ರಲ್ಲಿ ಮುಂಗಾರು ಅವಸರ ಮಾಡಿತು. ಸಾಮಾನ್ಯವಾಗಿ ಜೂನ್ 1ಕ್ಕೆ ಕೇರಳ ಮುಟ್ಟುವುದು, ಆ ವರ್ಷ ಮೇ 24ಕ್ಕೇ ಬಂತು. ಮೇ ಕೊನೆಯ ವಾರದಲ್ಲಿ ಬರಬೇಕಾಗಿದ್ದ ಯೂನಿಟ್‌ಗಳು ಮಳೆಯಲ್ಲಿ ತೊಳೆದುಹೋದವು. ಆಮೇಲೆ ಆರಿದ್ರಾ, ಪುನರ್ವಸು, ಪುಷ್ಯ. ಮಾರ್ಚ್‌ನಲ್ಲಿ ದಿನಕ್ಕೆ 15 ಯೂನಿಟ್ ಕೊಟ್ಟ ಅದೇ ಆರು ಪ್ಯಾನಲ್ ಜುಲೈನಲ್ಲಿ ಸರಾಸರಿ 4 ಕೊಟ್ಟವು. ಎರಡು ಯೂನಿಟ್ಟಿಗೇ ಸುಸ್ತಾದ ದಿನವೂ ಇತ್ತು. ಮೋಡ ಮುಸುಕಿದ್ದರೂ ಬೆಳಕು ಚದುರಿ ಬರುತ್ತದೆ, ಅದಕ್ಕೇ ಸೊನ್ನೆ ಅಂತೂ ಆಗುವುದಿಲ್ಲ.

ತೋಟದಲ್ಲಿ ಮಳೆ ಪುಸ್ತಕ ಬರೆಯುವ ಅಭ್ಯಾಸ ಎಲ್ಲಾ ಪ್ಲಾಂಟರ್‌ಗಳಿಗೂ ಇದ್ದದ್ದೇ. ಬೆಳಗ್ಗೆ ಮಳೆಮಾಪಕದ ನೀರು ಅಳೆದು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ಬರೆಯುತ್ತೇವೆ. ಅದೇ ಪುಸ್ತಕದಲ್ಲಿ ಪಕ್ಕಕ್ಕೆ ಒಂದು ಗೆರೆ ಎಳೆದು ಯೂನಿಟ್ ಬರೆಯಲು ಶುರುಮಾಡಿದೆ. ಮಳೆ ಜಾಸ್ತಿಯಾದಷ್ಟೂ ಯೂನಿಟ್ ಕಮ್ಮಿ ಅಂತ ನೇರ ಲೆಕ್ಕ ಸಿಗುತ್ತದೆ ಅಂದುಕೊಂಡರೆ ಹಾಗೇನಿಲ್ಲ. ರಾತ್ರಿಯೆಲ್ಲಾ ನಾಲ್ಕು ಇಂಚು ಹೊಡೆದು ಹಗಲು ಸ್ವಲ್ಪ ಹೊಳವಾದ ದಿನ 7 ಯೂನಿಟ್ ಬಂದಿದೆ. ಬರೀ 20 ಸೆಂಟ್ ಜಿನುಗು ಬಿದ್ದು, ಇಡೀ ದಿನ ಮೋಡ ತಲೆ ಮೇಲೇ ಕೂತ ದಿನ ಮೂರಕ್ಕೆ ನಿಂತಿದೆ. ಮಳೆಯ ಅಳತೆಗಿಂತ ಮೋಡ ಎಷ್ಟು ಹೊತ್ತು ನಿಂತಿತು ಅನ್ನುವುದೇ ಮುಖ್ಯ.

ಅದೇ ಜುಲೈನಲ್ಲಿ ಕಡೂರು ದಿನಕ್ಕೆ 9 ಯೂನಿಟ್ ಮಾಡುತ್ತಿತ್ತು. ಅರಬ್ಬಿ ಸಮುದ್ರದಿಂದ ಬರುವ ಗಾಳಿ ಘಟ್ಟ ಹತ್ತುವಾಗ ತಣ್ಣಗಾಗಿ ಇದ್ದಬದ್ದ ನೀರನ್ನೆಲ್ಲಾ ನಮ್ಮ ಮೇಲೆ ಸುರಿಯುತ್ತದೆ. ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ ದಾಟಿ ಆಚೆ ಇಳಿಯುವಾಗ ಮತ್ತೆ ಬಿಸಿಯಾಗುತ್ತದೆ, ಮೋಡ ಒಡೆಯುತ್ತದೆ. ಚಿಕ್ಕಮಗಳೂರಿನಿಂದ ಕಡೂರು ದಾರಿಯ ಸಖರಾಯಪಟ್ಟಣದ ಕಡೆ ಬಸ್ಸಿನಲ್ಲಿ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಚಿಕ್ಕಮಗಳೂರಿನಲ್ಲಿ ಕೊಡೆ ಬಿಚ್ಚಿದವರು ಸಖರಾಯಪಟ್ಟಣದಲ್ಲಿ ಮಡಚುತ್ತಾರೆ. ಆ್ಯಪ್‌ನಲ್ಲಿ ಅಕ್ಕನ ಮನೆಯ ಗೆರೆ ಹಲ್ಲು ಉದುರಿದ ಬಾಚಣಿಗೆಯಂತೆ, ಮೇಲೆ ಕೆಳಗೆ, ಮೇಲೆ ಕೆಳಗೆ. ನಮ್ಮದು ಕೆಳಗೆ ಚಪ್ಪಟೆ. ತಮಾಷೆ ಅಂದರೆ ಕಡೂರಿನ ಇನ್ವರ್ಟರ್ ತನ್ನ ಪೂರ್ತಿ 3 ಕಿಲೋವ್ಯಾಟ್ ಮುಟ್ಟಿದ್ದು ಬೇಸಿಗೆಯಲ್ಲಲ್ಲ, ಆಗಸ್ಟ್‌ನಲ್ಲಿ. ಮಳೆ ಗಾಜು ತೊಳೆದಿತ್ತು, ಗಾಳಿಗೆ ಪ್ಯಾನಲ್ ತಣ್ಣಗಿತ್ತು. ಬಿಳಿ ಮೋಡದ ಅಂಚಿಗೆ ಬಡಿದ ಬೆಳಕೂ ನೇರ ಬಿಸಿಲಿನ ಜೊತೆ ಸೇರಿ ಕೆಲವು ನಿಮಿಷ ಲ್ಯಾಬಿನ ಲೆಕ್ಕಕ್ಕಿಂತ ಜಾಸ್ತಿಯೇ ಬೀಳುತ್ತದೆ.

ಮಳೆಗಾಲದ ಬೇರೆ ತಲೆನೋವೂ ಇದೆ. ಜುಲೈನಲ್ಲಿ ಇನ್ವರ್ಟರ್ ಬೆಳಗ್ಗೆ ಕೆಂಪು ದೀಪ ಹಾಕಿಕೊಂಡು ಕೂರಲು ಶುರುಮಾಡಿತು. ಇನ್ಸುಲೇಷನ್ ಫಾಲ್ಟ್, ಅಂದರೆ ಎಲ್ಲೋ ಕರೆಂಟ್ ಸೋರುತ್ತಿದೆ ಅಂತ ತೋರಿಸುವುದು, ಹನ್ನೊಂದು ಗಂಟೆ ಹೊತ್ತಿಗೆ ತಾನೇ ಸರಿಹೋಗುವುದು. ಹಾಕಿದವರಿಗೆ ಫೋನ್ ಮಾಡಿದರೆ ಇವತ್ತು ನಾಳೆ ಅನ್ನುತ್ತಲೇ ಇದ್ದರು. ಕೊನೆಗೆ ಊರಿನ ಎಲೆಕ್ಟ್ರಿಷಿಯನ್ ಪ್ಯಾನಲ್ ಕೆಳಗೆ ತೆವಳಿ ನೋಡಿದ. ಒಂದು ಕನೆಕ್ಟರ್ ಕಟ್ಟದೆ ಜೋತುಬಿದ್ದು, ಒದ್ದೆ ಎಲೆಗಳ ಗುಡ್ಡೆಯೊಳಗೆ ಕೂತಿತ್ತು. ಅದರೊಳಗೆ ನೀರು. ಒರೆಸಿ, ಬದಲಾಯಿಸಿ, ವೈರುಗಳನ್ನು ಚೌಕಟ್ಟಿಗೆ ಎತ್ತಿ ಕಟ್ಟಿದ ಮೇಲೆ ದೀಪ ಹಸಿರಾಯಿತು. ಕಡೂರಿನಲ್ಲಿ ಹಾಗೆ ಜೋತುಬಿದ್ದಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ಇನ್ನು ಕರೆಂಟ್. ಗಾಳಿಮಳೆಗೆ ಮರ ಬಿದ್ದು ಲೈನ್ ಹರಿದರೆ ನಮ್ಮ ಕಡೆ ದಿನಗಟ್ಟಲೆ ಕತ್ತಲೆ. ಲೈನ್‌ಮನ್‌ಗಳು ಪಾಪ ಮಳೆಯಲ್ಲೇ ಕಂಬ ಹತ್ತುತ್ತಾರೆ. ಅವರ ಜೀವ ಕಾಯಲಿಕ್ಕೇ ನಮ್ಮಂಥ ಆನ್-ಗ್ರಿಡ್ (ಮೆಸ್ಕಾಂ ಲೈನಿಗೆ ಜೋಡಿಸಿದ) ಇನ್ವರ್ಟರ್ ಲೈನ್‌ನಲ್ಲಿ ಕರೆಂಟ್ ಇಲ್ಲದಾಗ ತಾನೂ ಆಫ್ ಆಗುತ್ತದೆ. ಇಲ್ಲದಿದ್ದರೆ ಸತ್ತಿದೆ ಅಂದುಕೊಂಡ ತಂತಿಯಲ್ಲಿ ನಮ್ಮ ಸೋಲಾರ್ ಕರೆಂಟ್ ಹರಿಯುತ್ತದೆ. ನಿಯಮ ಸರಿಯೇ. ಆದರೆ ಮಾರುವಾಗ ಇದನ್ನು ಬಿಡಿಸಿ ಹೇಳುವವರು ಕಮ್ಮಿ. "ಸೋಲಾರ್ ಇದ್ದೂ ಕತ್ತಲಲ್ಲಿ ಕೂತಿದ್ದೀರಲ್ಲ" ಅಂತ ನೆಂಟರು ನಗುತ್ತಾರೆ. ಬ್ಯಾಟರಿ ಇರುವ ಹೈಬ್ರಿಡ್ ಹಾಕಿಸಿದರೆ ಆಗುತ್ತಿತ್ತು, ಆದರೆ ಖರ್ಚು ಸುಮಾರು ಜಾಸ್ತಿ. ಜುಲೈನಲ್ಲಿ ಬರುವ ನಾಲ್ಕು ಯೂನಿಟ್ ತುಂಬಿಡಲು ಅಷ್ಟು ದೊಡ್ಡ ಬ್ಯಾಟರಿ ಯಾಕೆ? ದೀಪ, ಫ್ಯಾನಿಗೆ ಮೊದಲೇ ಇದ್ದ ಸಣ್ಣ ಯುಪಿಎಸ್ಸೇ ಸಾಕು ಅಂತ ಬಿಟ್ಟೆ.

ವರ್ಷ ತುಂಬಿದ ಮೇಲೆ ಕೂತು ಕೂಡಿಸಿದೆವು. ಅಕ್ಕನದು ದಿನಕ್ಕೆ ಸರಾಸರಿ ಹನ್ನೆರಡೂವರೆ ಯೂನಿಟ್, ನಮ್ಮದು ಹತ್ತೂವರೆ. ಮಾರುವವರ ಲೆಕ್ಕದ ನಾಲ್ಕು ಯೂನಿಟ್ ಕಡೂರಿಗೆ ಹತ್ತಿರ ಹತ್ತಿರ ಸರಿಹೋಯಿತು. ನಮಗೆ ಕಿಲೋವ್ಯಾಟ್‌ಗೆ ಮೂರೂಕಾಲು. ವರ್ಷದ ಮೇಲೆ ಆರರಲ್ಲಿ ಒಂದು ಪಾಲು ಮಾತ್ರ ಕಮ್ಮಿ ಅಂದರೆ ನಮ್ಮ ಮಳೆಗೆ ಅದು ಮೋಸವಲ್ಲ. ಬೇಸಿಗೆಯಲ್ಲಿ ಗಳಿಸಿದ್ದು, ಚಳಿಗಾಲದ ತಂಪಿನಲ್ಲಿ ಉಳಿಸಿದ್ದು ಮಳೆಗಾಲದ ಗುಂಡಿಯನ್ನು ಸುಮಾರಾಗಿ ತುಂಬಿಸಿತ್ತು. ಆದರೆ ಬಿಲ್ ಬರುವುದು ತಿಂಗಳಿಗೊಮ್ಮೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಾವು ದುಡ್ಡು ಕಟ್ಟಿದೆವು, ಅಕ್ಕ ಕಟ್ಟಿದ್ದು ಅಷ್ಟಕ್ಕಷ್ಟೆ.

ಪಾವಗಡದಲ್ಲಿ 13,000 ಎಕರೆ ಮೇಲೆ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಮಾಡಿದ್ದು ಯಾಕೆ, ನಮ್ಮ ಕಡೆ ಯಾಕಿಲ್ಲ ಅಂತ ಕೇಳುವವರಿಗೆ ಈ ಎರಡು ಗೆರೆ ತೋರಿಸಿದರೆ ಸಾಕು. ಮಲೆನಾಡು ತನ್ನ ಕರೆಂಟನ್ನು ಬೇರೆ ದಾರಿಯಲ್ಲಿ ಕೊಡುತ್ತದೆ. ನಮ್ಮ ಪ್ಯಾನಲ್ ಮಲಗಿರುವ ಅದೇ ಜುಲೈನಲ್ಲಿ ಲಿಂಗನಮಕ್ಕಿ ತುಂಬುತ್ತಿರುತ್ತದೆ. 1,035 ಮೆಗಾವ್ಯಾಟ್‌ನ ಶರಾವತಿ ವಿದ್ಯುದಾಗಾರ ಓಡುವುದು ಆ ನೀರಿನಲ್ಲೇ.

ಈಗ ಪಕ್ಕದ ತೋಟದವರು 5 ಕಿಲೋವ್ಯಾಟ್ ಹಾಕಿಸಲು ಹೊರಟಿದ್ದಾರೆ. ಅವರಿಗೆ ಮಳೆ ಪುಸ್ತಕವನ್ನೇ ಕೊಟ್ಟೆ. ಜುಲೈ ಪುಟ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು, ಫೆಬ್ರವರಿ ಪುಟ ನೋಡಿ ಮತ್ತೆ ಮುಂದೆ ಬಂದರು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡುವುದೂ ಕಾಫಿಗೆ ನೀರು ಹೊಡೆಯುವುದೂ ಬಿಸಿಲು ಇರುವ ತಿಂಗಳಲ್ಲೇ ಅಲ್ವಾ, ಅವರ ಲೆಕ್ಕಕ್ಕೆ ಅದು ಹೊಂದುತ್ತದೆ.

ನನ್ನ ಮುಂದೆ ಉಳಿದಿರುವುದು ಆ ಎರಡು ಸಿಲ್ವರ್ ಓಕ್. ಈ ಸಲ ಮರಗಸಿಗೆ, ಅಂದರೆ ನೆರಳು ಮರಗಳ ರೆಂಬೆ ಸವರಲು ಜನ ಬಂದಾಗ ಬುಡಕ್ಕೇ ಹಾಕಿಸಿ ಅಂತ ಮಗ ಹೇಳುತ್ತಿದ್ದಾನೆ. ಲೆಕ್ಕ ಹಾಕಿದೆ. ಡಿಸೆಂಬರ್, ಜನವರಿ ಸೇರಿ ನೆರಳಿಗೆ ಹೋಗುವುದು ಹೆಚ್ಚೆಂದರೆ 60 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೂ 360 ರೂಪಾಯಿ. ಎರಡೂ ಮರಕ್ಕೆ ಮೆಣಸಿನ ಬಳ್ಳಿ ತುದಿ ತನಕ ಹಬ್ಬಿದೆ. ಒಂದೊಂದರಲ್ಲೂ ಮೂರು ಕಿಲೋ ಒಣ ಮೆಣಸಿಗೆ ಮೋಸವಿಲ್ಲ, ಕಿಲೋಗೆ 600 ರೂಪಾಯಿ ಮೇಲಿದೆ. ಕೆಳಗಿನ ರೆಂಬೆ ಮಾತ್ರ ಸವರಿಸಿ ಮರ ಹಾಗೇ ಬಿಡಲು ರೈಟರ್‌ಗೆ ಹೇಳಿದ್ದೇನೆ.